ಹೊಳೆಯಲ್ಲಿ ಈಜು ಕಲಿತವರಿಗೆ ಸಮುದ್ರದಲ್ಲಿ ಭಯವಿಲ್ಲವೇ?

‘ಹೊಳೆಯಲ್ಲಿ ಈಜಿದವನಿಗೆ ಸಮುದ್ರ ಯಾವ ಲೆಕ್ಕ? ಉಪ್ಪುನೀರು ತಾನೇ ತೇಲಿಸುತ್ತೆ.’ ಬೀಚ್ ಪ್ರವಾಸ ಹೊರಡುವಾಗ ಇಂಥ ಮಾತು ನಾವೆಲ್ಲ ಕೇಳಿರುತ್ತೇವೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದಲ್ಲಿ ಕಾವೇರಿ, ಎಚ್.ಡಿ. ಕೋಟೆಯಲ್ಲಿ ಕಬಿನಿ ಇರುವುದರಿಂದ ಈ ಕಡೆಯ ಹುಡುಗರಿಗೆ ಈಜು ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ ದಾರಿ ಹಿಡಿದರೆ ಮಂಗಳೂರಿನ ಕಡಲೂ ಸಿಗುತ್ತದೆ. ಹಾಗಾದರೆ ಈ ಮಾತು ಎಷ್ಟು ನಿಜ?

ಉಪ್ಪುನೀರು ತೇಲಿಸುತ್ತದೆಯೇ?

ಸ್ವಲ್ಪ ಮಾತ್ರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇದರಿಂದ ಅದು ಹೊಳೆಯ ನೀರಿಗಿಂತ ಶೇ. 2ರಿಂದ 3ರಷ್ಟು ಮಾತ್ರ ಹೆಚ್ಚು ಭಾರ. ನೀರಿನ ಮೇಲೆ ಮಲಗಿ ಪೇಪರ್ ಓದುವ ಫೋಟೊಗಳು ಮೃತ ಸಮುದ್ರದವು. ಅಲ್ಲಿ ಉಪ್ಪು ಒಂಬತ್ತು ಹತ್ತು ಪಟ್ಟು ಜಾಸ್ತಿ. ರೀಲ್ಸ್‌ನಲ್ಲಿ ಕೆರೆಯಂತೆ ಕಾಣುವ ಮೆಡಿಟರೇನಿಯನ್ ಬೀಚ್‌ಗಳಲ್ಲಿ ಭರತ ಇಳಿತ ಕಡಿಮೆ, ನಿಜ. ಆದರೆ ಅಲೆ ಎದ್ದ ದಿನ ಅಲ್ಲೂ ಸೆಳವು ಇರುತ್ತದೆ.

ಹೊಳೆಗೂ ಕಡಲಿಗೂ ಏನು ವ್ಯತ್ಯಾಸ?

ಹೊಳೆಯ ಸೆಳವು ದಡದ ಪಕ್ಕದಲ್ಲೇ ಹರಿಯುತ್ತದೆ. ಓರೆಯಾಗಿ ಈಜಿದರೆ ದಡ ಸಿಗುತ್ತದೆ. ಕಡಲಿನ ಸೆಳವು ಹಾಗಲ್ಲ. ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಬೇಕಲ್ಲ? ನೀರಿನಡಿಯ ಮರಳು ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ಒಟ್ಟಾಗಿ, ಕಿರಿದಾದ ನಾಲೆಯಂತೆ ನೇರ ಒಳಗಡೆ ನುಗ್ಗುತ್ತದೆ. ದಡ ಇರುವುದು ಬೆನ್ನ ಹಿಂದೆ. ಜೋರಾದ ಸೆಳವು ಒಲಿಂಪಿಕ್ ಈಜುಗಾರನನ್ನೂ ಮೀರಿಸಬಲ್ಲದು. ಸೊಂಟದವರೆಗಿನ ನೀರಿನಲ್ಲಿ ನಿಂತವರನ್ನೂ ಅದು ಎಳೆದೊಯ್ಯಬಲ್ಲದು.

ಇನ್ನೊಂದು ಮೋಸವಿದೆ. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ನೀರು ಶಾಂತವಾಗಿ ಕಂಡರೆ ‘ಇಲ್ಲೇ ಇಳಿಯೋಣ’ ಅನ್ನಿಸುತ್ತದೆ. ಎಷ್ಟೋ ಸಲ ಸೆಳವು ಇರುವುದೇ ಅಲ್ಲಿ.

ಮಳೆಗಾಲದಲ್ಲಿ ಮಾತ್ರ ಅಪಾಯವೇ?

ಮಳೆಗಾಲದಲ್ಲಿ ಹೆಚ್ಚು, ಆದರೆ ಉಳಿದ ತಿಂಗಳು ಇಲ್ಲವೆಂದಲ್ಲ. ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದು 2024ರ ಡಿಸೆಂಬರ್‌ನಲ್ಲಿ.

ಸೆಳವಿಗೆ ಸಿಕ್ಕರೆ?

• ದಡದ ಕಡೆ ಎದುರು ಈಜಬೇಡಿ. ಸುಸ್ತಾಗಿಯೇ ಹೆಚ್ಚಿನವರು ಮುಳುಗುವುದು.
• ಇದು ಸುಳಿಯಲ್ಲ, ಕೆಳಗೆ ಎಳೆಯುವುದಿಲ್ಲ. ಮೊದಲು ತೇಲಿ, ಕೈ ಎತ್ತಿ ಕೂಗಿ.
• ಶಕ್ತಿಯಿದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಸೆಳವು ಸಾಮಾನ್ಯವಾಗಿ ಅಗಲವಿರುವುದಿಲ್ಲ. ಆಮೇಲೆ ಅಲೆಗಳ ಜೊತೆ ಓರೆಯಾಗಿ ದಡಕ್ಕೆ ಬನ್ನಿ.
• ದಡದಲ್ಲಿರುವವರು ಬರಿಗೈಯಲ್ಲಿ ಹಾರಬೇಡಿ. ಟ್ಯೂಬ್, ಹಗ್ಗ, ಖಾಲಿ ಕ್ಯಾನ್ ಎಸೆಯಿರಿ. ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ಇಳಿಯುವ ಮುಂಚೆ ಬಾವುಟ ನೋಡಿ. ಕೆಂಪು ಇದ್ದರೆ ನೀರಿಗೆ ಇಳಿಯಬಾರದು. ಕೆಂಪು ಹಳದಿ ಬಾವುಟಗಳ ನಡುವಿನ ಜಾಗದ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಬನಾನಾ ಬೋಟ್, ಜೆಟ್ ಸ್ಕೀ ಹತ್ತುವಾಗ ಎಷ್ಟೇ ಈಜು ಬಂದರೂ ಲೈಫ್ ಜಾಕೆಟ್‌ನ ಬಕಲ್ ಪೂರ್ತಿ ಹಾಕಿಕೊಳ್ಳಿ.

ಹೊಳೆಯಲ್ಲಿ ಕಲಿತ ಈಜು ವ್ಯರ್ಥವಲ್ಲ. ಆದರೆ ಕಡಲಿನಲ್ಲಿ ಅದೊಂದೇ ಸಾಲದು. ಬೀಚ್‌ಗೆ ಹೊರಟಿರುವ ನಿಮ್ಮ ಗ್ರೂಪ್‌ಗೆ ಬಸ್ ಹತ್ತುವ ಮೊದಲೇ ಇದನ್ನು ಕಳಿಸಿ.