ಖಾಲಿ ಕ್ರೇಟ್‌ಗೂ ಒಂದು ದಾರಿ ಬೇಕು

ಕಳೆದ ವರ್ಷ ರಜೆಯಲ್ಲಿ ಚನ್ನರಾಯಪಟ್ಟಣದ ಹತ್ತಿರವಿರುವ ಮಾವನ ತೋಟಕ್ಕೆ ಹೋಗಿದ್ದೆ. ಟೊಮೆಟೊ ಕೊಯ್ಲಿನ ಸಮಯ. ಗಿಡದಲ್ಲಿ ಹಣ್ಣಿತ್ತು, ಕೀಳಲು ಆಳುಗಳಿದ್ದರು, ಗಾಡಿಯನ್ನೂ ಗೊತ್ತು ಮಾಡಿಯಾಗಿತ್ತು. ಇಲ್ಲದಿದ್ದದ್ದು ಒಂದೇ, ಖಾಲಿ ಕ್ರೇಟ್. ಹಿಂದಿನ ಸಲ ಮಂಡಿಗೆ ಹೋದವು ಇನ್ನೂ ವಾಪಸ್ ಬಂದಿರಲಿಲ್ಲ. ಫೋನ್ ಮಾಡಿದರೆ ‘ಖಾಲಿ ಇಲ್ಲ ಕಣಪ್ಪ, ನಾಡಿದ್ದು ನೋಡಾಣ’ ಎಂಬ ಉತ್ತರ. ಎರಡು ದಿನ ತಡವಾಗಿ ಕಿತ್ತ ಹಣ್ಣಿನಲ್ಲಿ ಎಷ್ಟೋ ಮೆತ್ತಗಾಗಿ, ಆರಿಸಿ ತಿಪ್ಪೆಗೆ ಸುರಿಯಬೇಕಾಯಿತು.

‘ಇನ್ನಷ್ಟು ಕ್ರೇಟ್ ಕೊಂಡರೆ ಆಯ್ತಲ್ಲ ಮಾವ’ ಎಂದಿದ್ದೆ. ಎಂಜಿನಿಯರಿಂಗ್ ತರಗತಿಯಲ್ಲಿ ಸರಕು ಸಾಗಣೆಯ ಪಾಠ ಕೇಳಿದ ಮೇಲೆ ನನ್ನ ಮಾತಿನ ತಪ್ಪು ತಿಳಿಯಿತು. ಲೆಕ್ಕ ಸರಳ. ದಿನಕ್ಕೆ 100 ಕ್ರೇಟ್ ಹೊರಟು, ಪ್ರತಿಯೊಂದೂ 5 ದಿನಕ್ಕೆ ವಾಪಸ್ ಬಂದರೆ 500 ಕ್ರೇಟ್ ಸಾಕು. 8 ದಿನ ತಡೆದರೆ 800 ಬೇಕು. ಹಣ್ಣು ಹೆಚ್ಚಿಲ್ಲ, ಖರ್ಚು ಮಾತ್ರ ಹೆಚ್ಚು. ಪ್ರತಿ ಸುತ್ತಿನಲ್ಲಿ ನೂರಕ್ಕೆ ಎರಡೇ ಕಳೆದುಹೋದರೂ 35 ಸುತ್ತು ಮುಗಿಯುವಷ್ಟರಲ್ಲಿ ಅರ್ಧ ಕ್ರೇಟ್‌ಗಳೇ ಇರುವುದಿಲ್ಲ!

ಹಾಗಾದರೆ ಹಾಲಿನ ಕ್ರೇಟ್‌ಗೆ ಈ ಕಾಟ ಯಾಕಿಲ್ಲ? ಹೊಳೆನರಸೀಪುರದ ನಮ್ಮ ಬೀದಿಗೆ ಬೆಳಗಿನ ಜಾವ ಬರುವ ಹಾಲಿನ ಗಾಡಿಯನ್ನು ಗಮನಿಸಿ. ತುಂಬಿದ್ದನ್ನು ಇಳಿಸಿದ ಕೈಯೇ ನಿನ್ನೆಯ ಖಾಲಿಗಳನ್ನು ಎಣಿಸಿ ಏರಿಸಿಕೊಳ್ಳುತ್ತದೆ. ಬರುವ ಗಾಡಿಯೇ ಒಯ್ಯುವ ಗಾಡಿ. ಸುತ್ತು ಒಂದೇ ದಿನದ್ದು. ಟೊಮೆಟೊ ಕ್ರೇಟ್ ಹಾಗಲ್ಲ. ಅದು ಕೈಯಿಂದ ಕೈಗೆ, ಊರಿಂದೂರಿಗೆ ಹೋಗುತ್ತದೆ. ಹಣ್ಣಿಗೆ ಗಿರಾಕಿ ಇದ್ದಾನೆ, ಖಾಲಿ ಕ್ರೇಟ್‌ಗೆ ಯಾರೂ ಇಲ್ಲ.

ಹಾಗೆಂದು ಎಲ್ಲವೂ ಹೊರಟಲ್ಲಿಗೇ ಮರಳಬೇಕಿಲ್ಲ. ಮುಂಗಾರಿನ ಹೊತ್ತಿಗೆ ಪಂಜಾಬಿನ ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಮೂಟೆಗಳಲ್ಲಿ ಬರುತ್ತದೆ. ಆ ಚೀಲವನ್ನು ಜಲಂಧರ್‌ಗೆ ಕಳಿಸಿದರೆ ಲಾರಿ ಬಾಡಿಗೆಯೇ ಚೀಲದ ಬೆಲೆಯನ್ನು ಮೀರುತ್ತದೆ. ಅದು ಅರಕಲಗೂಡಿನ ರೈತನ ಮನೆಯಲ್ಲೇ ಉಳಿದು ಮುಂದೆ ರಾಗಿಗೋ ಹಿಂಡಿಗೋ ಆಗುವುದೇ ಸರಿ. ದಾರಿ ಚಿಕ್ಕದಿದ್ದಷ್ಟೂ ವಾಪಸಾತಿ ಲಾಭ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಸುಮಾರು 40 ಕಿ.ಮೀ. ಒಳಗೇ ಇವೆ. ಇಷ್ಟು ದೂರಕ್ಕೆ ಕ್ರೇಟ್ ಮರಳದಿದ್ದರೆ ಅದು ದೂರದ ತಪ್ಪಲ್ಲ, ವ್ಯವಸ್ಥೆಯ ತಪ್ಪು.

ವ್ಯವಸ್ಥೆಗೆ ಮಾದರಿ ನಮ್ಮ ಅಡುಗೆಮನೆಯಲ್ಲೇ ಇದೆ. 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ನಮ್ಮದಲ್ಲ, ಠೇವಣಿ ಕೊಟ್ಟು ಬಳಸುತ್ತೇವೆ. ಖಾಲಿ ಕೊಟ್ಟರೇ ತುಂಬಿದ್ದು ಸಿಗುತ್ತದೆ. ಆದ್ದರಿಂದಲೇ ಯಾರ ಮನೆಯಲ್ಲೂ ಸಿಲಿಂಡರ್ ಮೂಲೆ ಸೇರಿ ಮರೆತುಹೋಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನೆ ಆಸ್ಟ್ರೇಲಿಯಾದಲ್ಲಿ ಬಿಟ್ಟುಹೋದ ಪ್ಯಾಲೆಟ್‌ಗಳನ್ನು, ಅಂದರೆ ಸರಕು ಪೇರಿಸುವ ಮರದ ಹಲಗೆಗಳನ್ನು, ಅಲ್ಲಿನ ಸರ್ಕಾರ ಒಟ್ಟುಗೂಡಿಸಿ ಎಲ್ಲರೂ ಬಳಸುವಂತೆ ಮಾಡಿತು. ಅದೇ ಮುಂದೆ ‘ಚೆಪ್’ ಎಂಬ ಕಂಪನಿಯಾಗಿ, ಇಂದು ಅದರ ನೀಲಿ ಪ್ಯಾಲೆಟ್‌ಗಳು ಹಲವು ದೇಶಗಳಲ್ಲಿ ಬಾಡಿಗೆಗೆ ಓಡಾಡುತ್ತಿವೆ.

ನಮ್ಮಲ್ಲೂ ಇದು ಅಸಾಧ್ಯವೇ? ತಾಲ್ಲೂಕಿನ ರೈತರು ಸೇರಿ ಒಂದೇ ಅಳತೆಯ, ನಂಬರ್ ಹಾಕಿದ ಕ್ರೇಟ್‌ಗಳನ್ನು ಇಟ್ಟುಕೊಳ್ಳಬಹುದು. ಒಯ್ದವರ ಹೆಸರು, ದಿನಾಂಕ ಬರೆಯಲು ಒಂದು ಪುಸ್ತಕ ಸಾಕು. ಖಾಲಿಯಾದಾಗ ಒಂದರೊಳಗೊಂದು ಕೂರುವ ಕ್ರೇಟ್ ಆದರೆ ವಾಪಸ್ ಗಾಡಿಯಲ್ಲಿ ಜಾಗವೂ ಉಳಿಯುತ್ತದೆ. ಠೇವಣಿಯನ್ನು ಮಾತ್ರ ರೈತನಿಂದಲ್ಲ, ಕ್ರೇಟ್ ಸಮೇತ ಹಣ್ಣು ಒಯ್ಯುವವರಿಂದ ಪಡೆಯಬೇಕು. ಏಕೆಂದರೆ ಕ್ರೇಟ್ ಆಗ ಇರುವುದು ಅವರ ಕೈಯಲ್ಲಿ.

ಇಷ್ಟೆಲ್ಲ ಬರೆಯುವ ಮೊದಲು ನಮ್ಮ ಮನೆಯನ್ನೇ ಹುಡುಕಿದೆ. ಅಡುಗೆಮನೆಯಲ್ಲಿ ಈರುಳ್ಳಿ ತುಂಬಿದ್ದ ಒಂದು, ಬಚ್ಚಲಲ್ಲಿ ಬಕೆಟ್ ಇಡಲು ಮಗುಚಿ ಹಾಕಿದ್ದ ಇನ್ನೊಂದು, ಎರಡೂ ಯಾರದೋ ಕ್ರೇಟ್‌ಗಳೇ. ಅಮ್ಮ ಗೊಣಗುತ್ತಲೇ ಈರುಳ್ಳಿಯನ್ನು ಬುಟ್ಟಿಗೆ ಸುರಿದಳು. ಎರಡನ್ನೂ ತೊಳೆದು, ತಂದ ಅಂಗಡಿಗೇ ಕೊಟ್ಟು ಬಂದೆ. ಅಂಗಡಿಯವರು ನಕ್ಕರು. ಆದರೂ ಆ ಎರಡು ಕ್ರೇಟ್‌ಗಾಗಿ ಇನ್ಯಾವ ತೋಟದಲ್ಲಿ ಹಣ್ಣು ಕಾಯುತ್ತಿತ್ತೋ ಎಂದು ನನಗನ್ನಿಸಿತು.