ಗಡಿಯ ಈಚೆಗಿನ ತಟ್ಟೆ

ಬೆಂದ ಒಂದು ಮೊಟ್ಟೆಯ ಸಿಪ್ಪೆ ಸುಲಿಯುವುದಕ್ಕೆ ಸರ್ಕಾರಿ ಲೆಕ್ಕದಲ್ಲಿ 30 ಪೈಸೆ. ಕೊಳ್ಳುವುದಕ್ಕೆ 5 ರೂಪಾಯಿ 20 ಪೈಸೆ, ಬೇಯಿಸುವ ಗ್ಯಾಸಿಗೆ 50 ಪೈಸೆ, ಎಲ್ಲ ಕೂಡಿ ಆರು ರೂಪಾಯಿ. ರೋಣ ಸೀಮೆಯ ಸರ್ಕಾರಿ ಶಾಲೆಯೊಂದರ ಬಿಸಿಯೂಟದ ಕೋಣೆಗೆ ಹನ್ನೊಂದೂವರೆಯ ಸುಮಾರಿಗೆ ಹೋದರೆ ಆ 30 ಪೈಸೆಯ ಕೆಲಸ ಎಂಥದೆಂದು ಕಾಣುತ್ತದೆ. ಕುದಿನೀರಿನಿಂದ ತೆಗೆದ ಮೊಟ್ಟೆಗಳನ್ನು ತಣ್ಣೀರಿನ ಬುಟ್ಟಿಗೆ ಹಾಕಿ ಇಬ್ಬರು ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಲೆಯ ಮೇಲೆ ಸಾಂಬಾರು ಉಕ್ಕುತ್ತಿರುತ್ತದೆ. ಹೊತ್ತು ಏರುತ್ತಿರುತ್ತದೆ, ಬೆರಳ ತುದಿ ಚುರುಗುಟ್ಟುತ್ತಿರುತ್ತದೆ. ತಾಜಾ ಮೊಟ್ಟೆಯಾದರೆ ಸಿಪ್ಪೆಯ ಜೊತೆ ಬಿಳಿಭಾಗವೂ ಕಿತ್ತು ಬರುತ್ತದೆ. ಹಾಗೆ ಹರಿದ ಮೊಟ್ಟೆ ಯಾವ ಮಗುವಿಗೂ ಬೇಡ. ಪೇಟೆಯಲ್ಲಿ ಮೊಟ್ಟೆಯ ದರ ಆರು ರೂಪಾಯಿ ದಾಟಿದ ತಿಂಗಳುಗಳಲ್ಲಿ ಕಡಿಮೆ ಬಿದ್ದ ಹಣವನ್ನು ಮುಖ್ಯಶಿಕ್ಷಕರು ತಮ್ಮ ಕಿಸೆಯಿಂದ ತುಂಬುತ್ತಾರೆ.

2024ರ ಸೆಪ್ಟೆಂಬರ್‌ನಿಂದ ಈ ಮೊಟ್ಟೆ ವಾರದ ಆರೂ ದಿನ ಇದೆ. ಎರಡು ದಿನದ್ದು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು. ಆದರೆ ಈ ಮೊಟ್ಟೆ ಗದಗ ಜಿಲ್ಲೆಯ ತಟ್ಟೆಗೆ ಬಂದ ದಾರಿಯನ್ನು ರೋಣ, ನರಗುಂದ, ಗಜೇಂದ್ರಗಡದ ತಾಯಿ ತಂದೆಯರು ತಿಳಿದಿರಲೇಬೇಕು.

2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊದಲು ಮೊಟ್ಟೆ ಕೊಟ್ಟದ್ದು ಅಪೌಷ್ಟಿಕತೆ ಹೆಚ್ಚಿದ್ದ ಕೆಲವೇ ಜಿಲ್ಲೆಗಳಿಗೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಗಳು ಅದರಲ್ಲಿದ್ದವು. ಗದಗ ಇರಲಿಲ್ಲ. ಮೊಟ್ಟೆ ತಿಂದರೆ ಮಕ್ಕಳಲ್ಲಿ ಏನು ಬದಲಾಗುತ್ತದೆ ಎಂದು ನೋಡುವ ಕೆಲಸ ಗದುಗಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಬಂತು. ಅವರು ಎರಡು ಜಿಲ್ಲೆ ಆರಿಸಿಕೊಂಡರು: ಮೊಟ್ಟೆ ಸಿಗುವ ಯಾದಗಿರಿ, ಮೊಟ್ಟೆ ಸಿಗದ ಗದಗ. ಎರಡೂ ಕಡೆ ಮಕ್ಕಳ ಎತ್ತರ ಅಳೆದರು, ತೂಕ ನೋಡಿದರು. 2022ರ ಜುಲೈನಲ್ಲಿ ಹೊರಬಿದ್ದ ಫಲಿತಾಂಶ ಹೀಗಿತ್ತು: ಯಾದಗಿರಿಯ ಎಂಟನೇ ತರಗತಿಯ ಹುಡುಗಿಯರ ತೂಕದ ಏರಿಕೆ ಗದಗದ ಅದೇ ತರಗತಿಯ ಹುಡುಗಿಯರಿಗಿಂತ ಶೇ 71ರಷ್ಟು ಹೆಚ್ಚು.

ಆ ಹೋಲಿಕೆಯ ಹಗುರ ತಕ್ಕಡಿಯಲ್ಲಿ ನಿಂತವರು ನಮ್ಮ ಹುಡುಗಿಯರು. ಅಧ್ಯಯನ ಮಾಡಿದವರನ್ನು ನಾನು ದೂರುವುದಿಲ್ಲ. ಅವರ ಅಂಕಿಅಂಶ ಇದ್ದದ್ದರಿಂದಲೇ ವಾದಕ್ಕೆ ಬಲ ಬಂತು. ಮಠಾಧೀಶರ ವಿರೋಧದ ನಡುವೆಯೂ ಮೊಟ್ಟೆ ಅದೇ ವರ್ಷ ರಾಜ್ಯದ ಎಲ್ಲ ಜಿಲ್ಲೆಗಳಿಗೆ ಹೋಯಿತು, ಮೊದಲ ವರ್ಷ ಬರೀ 46 ದಿನವಾದರೂ. ನನ್ನ ಕೇಳಿಕೆ ಬೇರೆ: ಹೆಚ್ಚಿನ ಅನ್ನ ಯಾರಿಗೆ ಎಂದು ಗೆರೆ ಎಳೆಯುವಾಗ ನಕಾಶೆಯನ್ನು ಯಾಕೆ ನೋಡುತ್ತೇವೆ, ಮಗುವನ್ನು ಯಾಕೆ ನೋಡುವುದಿಲ್ಲ?

ಗಜೇಂದ್ರಗಡದ ಪೂರ್ವಕ್ಕೆ ಹೋದರೆ ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಅದೇ ಮಳೆ ಕಾಣದ ಹೊಲ, ಎರಡೂ ಕಡೆ ನೇಕಾರರ ಮನೆ, ಲಂಬಾಣಿ ತಾಂಡಾ. ಹೆಣ್ಣು ಕೊಟ್ಟು ತರುವ ನಂಟು ಬೇರೆ. ನಡುವೆ ಇರುವುದು 1956ಕ್ಕೂ ಹಿಂದಿನ ಒಂದು ಗೆರೆ: ಆಚೆ ಹೈದರಾಬಾದ್ ರಾಜ್ಯ, ಈಚೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ಸಂವಿಧಾನದ 371ಜೆ ವಿಧಿ ಬಂದಮೇಲೆ ಆ ಗೆರೆಯ ಆಚೆಗೆ ಪ್ರತ್ಯೇಕ ಮಂಡಳಿ ಇದೆ, ವರ್ಷಕ್ಕೆ 5,000 ಕೋಟಿ ರೂಪಾಯಿಯ ಅನುದಾನ ಘೋಷಣೆಯಾಗಿದೆ, ಅದರಲ್ಲಿ ಶೇ 25ರಷ್ಟನ್ನು ಶಿಕ್ಷಣಕ್ಕೆಂದೇ ಎತ್ತಿಡುವ 'ಅಕ್ಷರ ಆವಿಷ್ಕಾರ' ಇದೆ. ಅದು ಕಲ್ಯಾಣ ಕರ್ನಾಟಕಕ್ಕೆ ಸಲ್ಲಲೇಬೇಕಾದ ಹಣ. ಅದರಿಂದ ಒಂದು ರೂಪಾಯಿಯನ್ನೂ ಯಾರೂ ಕೇಳಬಾರದು. ಆದರೆ ಗೆರೆಯ ಈಚೆ ಹುಟ್ಟಿದ ಕೂಲಿಕಾರರ ಮಗುವಿನ ಹಸಿವೇನೂ ಮುಂಬಯಿ ಕರ್ನಾಟಕದ್ದು ಎಂದು ಕಡಿಮೆಯಾಗುವುದಿಲ್ಲ.

ಬಿಸಿಯೂಟದ ಕಥೆಯೂ ಹೀಗೆಯೇ ನಡೆದದ್ದು. ಅರವತ್ತು ಎಪ್ಪತ್ತರ ದಶಕದಲ್ಲಿ ಶಾಲೆ ಕಲಿತವರಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟಿನ ವಾಸನೆ ಇನ್ನೂ ನೆನಪಿದೆ. 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆಯಲ್ಲಿ ಶೇ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆಜಿ ಧಾನ್ಯ. ಮನೆಗೆ ಬಂದ ಅಕ್ಕಿ ಎಲ್ಲರ ಗಂಗಾಳಕ್ಕೆ ಹಂಚಿಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಹೇಳಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಗದಗಕ್ಕೆ ಬಂದದ್ದು ಮರುವರ್ಷ.

ನರಗುಂದದ ಮಾತು ಇನ್ನೊಂದು ಬಗೆಯದು. ಕಾಗದದ ಮೇಲೆ ಅದು ಮಲಪ್ರಭೆಯ ನೀರಾವರಿ ತಾಲ್ಲೂಕು. ಕಾಲುವೆಯಲ್ಲಿ ನೀರು ಸರಿಯಾಗಿ ಬರದಿದ್ದರೂ ಕರ ಕೇಳಿದ್ದಕ್ಕೆ 1980ರ ಜುಲೈ 21ರಂದು ರೈತರು ಸಿಡಿದೆದ್ದ ಊರು ಅದೇ. ಎರೆಭೂಮಿಯ ಒಡೆಯನ ಹತ್ತಿಯನ್ನೂ ಅದನ್ನು ಬಿಡಿಸಲು ಹೋಗುವವಳ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ತಾಲ್ಲೂಕು ಚೆನ್ನಾಗಿಯೇ ಕಾಣುತ್ತದೆ. ಸರಾಸರಿಯ ಲೆಕ್ಕದಲ್ಲಿ ಕಾಣದೇ ಹೋಗುವುದು ಬಿಡಿಸಲು ಹೋದವಳ ಮಗಳು.

ಸದ್ಯದ ಹಣ ಎಲ್ಲರಿಗೂ ತಲೆಲೆಕ್ಕ. ಒಂದರಿಂದ ಐದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅಕ್ಕಿ ಬಿಟ್ಟು ಉಳಿದ ಸಾಮಗ್ರಿಗೆ 2025ರ ಮೇ ತಿಂಗಳಿಂದ 6 ರೂಪಾಯಿ 78 ಪೈಸೆ, ಆರರಿಂದ ಎಂಟರವರಿಗೆ 10 ರೂಪಾಯಿ 17 ಪೈಸೆ. ಶಾಲೆಯ ಖರ್ಚಿಗೆ ಸಮಗ್ರ ಶಿಕ್ಷಣದಡಿ ಬರುವ ವಾರ್ಷಿಕ ಅನುದಾನವೂ ಹಾಗೆಯೇ: 30 ಮಕ್ಕಳವರೆಗೆ 10,000 ರೂಪಾಯಿ, 250 ದಾಟಿದರೆ 75,000. ತಾಂಡಾದ ಇಪ್ಪತ್ತು ಮಕ್ಕಳ ಶಾಲೆಗೂ ಸೋರುವ ಸೂರು ಒಂದೇ, ಕೆಟ್ಟ ನೀರಿನ ಮೋಟರು ಒಂದೇ. ಮಕ್ಕಳು ಕಡಿಮೆ ಎಂದು ರಿಪೇರಿಯ ದರ ಇಳಿಯುವುದಿಲ್ಲ. ಅತಿ ಬಡವರ ಶಾಲೆಗೆ ಅತಿ ಸಣ್ಣ ಮೊತ್ತ ಹೋಗುವ ಏರ್ಪಾಡು ಇದು.

ಇಂಗ್ಲೆಂಡಿನಲ್ಲಿ 2011ರಿಂದ ಬೇರೆ ರೀತಿ ಇದೆ. ಕಳೆದ ಆರು ವರ್ಷಗಳಲ್ಲಿ ಒಮ್ಮೆಯಾದರೂ ಉಚಿತ ಊಟಕ್ಕೆ ಅರ್ಹವಾಗಿದ್ದ ಪ್ರತಿ ಮಗುವಿನ ಹೆಸರಿನಲ್ಲಿ ಅದರ ಶಾಲೆಗೆ ಹೆಚ್ಚುವರಿ ಹಣ ಬರುತ್ತದೆ, ಪ್ರಾಥಮಿಕ ಹಂತದಲ್ಲಿ ವರ್ಷಕ್ಕೆ ಸುಮಾರು 1,500 ಪೌಂಡ್. ಊಟ ಕೊಡುವಾಗ ಬಡವರ ಮಕ್ಕಳನ್ನು ಬೇರೆ ಮಾಡುವ ಅವರ ಪದ್ಧತಿ ನಮಗೆ ಬೇಡ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ನಮ್ಮ ಬಿಸಿಯೂಟದ ದೊಡ್ಡ ಗಳಿಕೆ, ಅದನ್ನು ಕಳೆದುಕೊಳ್ಳಬಾರದು. ತರಬೇಕಾದದ್ದು ಮಗುವಿನ ಹಿಂದೆ ಹಣ ಹೋಗುವ ಲೆಕ್ಕವನ್ನು.

ಅದಕ್ಕೆ ಹೊಸ ಸಮೀಕ್ಷೆಯೂ ಬೇಕಿಲ್ಲ. ಶಾಲಾ ಮಕ್ಕಳ ವಿವರ ಇಡುವ ಎಸ್‌ಎಟಿಎಸ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಹಿಂಗಾರಿ ಕೈಕೊಟ್ಟ ವರ್ಷ ತಾಂಡಾದವರು ಗುಳೆ ಹೋದಾಗ ಯಾವ ಮಗು ಎಷ್ಟು ದಿನ ಗೈರು ಎಂಬುದು ಹಾಜರಿ ಪುಸ್ತಕದಲ್ಲಿದೆ. ಮಗು ಊರಲ್ಲೇ ಉಳಿಯಲಿ ಎಂದು ಋತುಮಾನದ ವಸತಿ ಶಾಲೆ ತೆರೆಯುವುದಕ್ಕೆ ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ರಾತ್ರಿಯ ಊಟವೂ ಅಲ್ಲೇ ಸಿಕ್ಕರೆ ಅಜ್ಜಿಯ ಹತ್ತಿರ ಬಿಟ್ಟುಹೋಗಲು ಅಪ್ಪ ಅವ್ವನಿಗೆ ಧೈರ್ಯ ಬರುತ್ತದೆ. ಬಿಸಿಯೂಟದ ಅಡುಗೆಯವರ ಗೌರವಧನಕ್ಕೆ ಕೇಂದ್ರ ಗೊತ್ತು ಮಾಡಿದ ತಿಂಗಳ 1,000 ರೂಪಾಯಿ 2009ರಿಂದ ಹಾಗೇ ಇದೆ, ಅದೂ ವರ್ಷದ ಹತ್ತೇ ತಿಂಗಳಿಗೆ. ರಾಜ್ಯ ತನ್ನ ಪಾಲು ಹೆಚ್ಚಿಸುತ್ತ ಬಂದಿದೆ, ಆದರೂ ಅದು ಒಂದು ಮನೆ ನಡೆಸುವಷ್ಟಾಗಿಲ್ಲ.

ನಾಲ್ಕು ದಿನದ ಮೊಟ್ಟೆಯ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸರ್ಕಾರ ಆ ಖರ್ಚನ್ನು ತನ್ನ ಬಜೆಟ್ಟಿಗೇ ತೆಗೆದುಕೊಳ್ಳಬೇಕು. ಜೊತೆಗೆ 30ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ, ಗುಳೆ ಹೋಗುವ ಮನೆಯ ಮಗುವಿಗೆ, ಅದು ಗಜೇಂದ್ರಗಡದಲ್ಲಿರಲಿ ಕುಷ್ಟಗಿಯಲ್ಲಿರಲಿ, ಬೇರೆಯೇ ಒಂದು ಮೊತ್ತ ಗೊತ್ತುಮಾಡಬೇಕು.