ಕಪಾಟಿನಲ್ಲೇ ಸಾಯುವ ಸಿನಿಮಾ

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಕಾಡಿನ ಬೀಜ ಗುರುತಿಸುವ ತುಳಸಿಯವರ ಕೈಯನ್ನು, ಹಾಲಕ್ಕಿ ಸಮುದಾಯದ ಹಾಡು ಹೇಳುವ ಸುಕ್ರಿಯವರ ದನಿಯನ್ನು ಇನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಮೊದಲೇ ಹಿಡಿದಿಟ್ಟದ್ದಷ್ಟೇ ಉಳಿಯಬೇಕು. ಅದು ಉಳಿಯುತ್ತದೆಯೇ?

ಕೈಯಿಂದ ದುಡ್ಡು ಹಾಕಿ ಸಾಕ್ಷ್ಯಚಿತ್ರ ಮಾಡುವವರಿಗೆ ಸಂಗ್ರಹಾಲಯವೆಂದರೆ ಸಾಮಾನ್ಯವಾಗಿ ಮನೆಯ ಕಪಾಟು, ಅದರೊಳಗೊಂದು ಹಾರ್ಡ್‌ಡಿಸ್ಕ್. ಅದರ ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ಓದುವ ತಲೆ ತೇಲುತ್ತಿರುತ್ತದೆ. ವರ್ಷಗಟ್ಟಲೆ ಚಾಲೂ ಮಾಡದೆ ಇಟ್ಟರೆ ಯಂತ್ರಭಾಗ ಜಾಮ್ ಆಗಬಹುದು. ಉಪ್ಪುಗಾಳಿಗೆ ತಂತಿ ಸಿಕ್ಕಿಸುವ ಜಾಗ ಕಿಲುಬು ಹಿಡಿಯುತ್ತದೆ. ಪೆನ್‌ಡ್ರೈವ್, ಎಸ್ಸೆಸ್ಡಿಗಳದು ಬೇರೆ ಕಾಯಿಲೆ: ದೃಶ್ಯವನ್ನು ವಿದ್ಯುದಾವೇಶವಾಗಿ ಇಟ್ಟುಕೊಳ್ಳುವ ಅವು ಕರೆಂಟಿಲ್ಲದೆ ಬಿದ್ದಿದ್ದರೆ ನಿಧಾನಕ್ಕೆ ಸೋರುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಹಳೆಯ ವಿಡಿಯೋ ಟೇಪಿಗೆ ಶೇ. 65–70 ತೇವಾಂಶ ದಾಟಿದರೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ ಆಷಾಢದ ಗಾಳಿ ಈ ಮಿತಿಯೊಳಗೆ ಎಲ್ಲಿರುತ್ತದೆ!

ಇದು ಬರೀ ಭಯ ಹುಟ್ಟಿಸುವ ಮಾತಲ್ಲ. ಆಸ್ಕರ್ ಕೊಡುವ ಅಕಾಡೆಮಿಯೇ 2007ರಲ್ಲಿ ಲೆಕ್ಕ ಹಾಕಿತ್ತು: ಒಂದು ಚಿತ್ರದ ರೀಲನ್ನು ಕಾಪಾಡಲು ವರ್ಷಕ್ಕೆ 1,059 ಡಾಲರ್, ಅದನ್ನೇ ಡಿಜಿಟಲ್ ರೂಪದಲ್ಲಿ ಕಾಪಾಡಲು 12,514 ಡಾಲರ್. 2012ರ ಎರಡನೇ ವರದಿ ಸ್ವತಂತ್ರ ನಿರ್ದೇಶಕರನ್ನೇ ವಿಚಾರಿಸಿತು. ಸಿನಿಮಾ ಮುಗಿಸಿ ಹಂಚುವುದರಾಚೆ, ದೀರ್ಘಕಾಲ ಕಾಪಾಡುವ ಯೋಚನೆ ಬಹುಪಾಲು ಅವರಲ್ಲಿ ಇರಲಿಲ್ಲ. ಅಂಥ ದುಡ್ಡೂ ಅವರ ಬಳಿ ಇರುವುದಿಲ್ಲ ಬಿಡಿ. ಕಾಪಾಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ: ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದೇ ಒಂದು ಪ್ರತಿಯೂ ಇವತ್ತಿಗೆ ಉಳಿದಿಲ್ಲ.

ಅಂಕೋಲೆ, ಕಾರವಾರಗಳಿರುವ ಇದೇ ಜಿಲ್ಲೆಯ ನಿರ್ದೇಶಕ ನಟೇಶ್ ಹೆಗಡೆಯವರ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವ ತಲುಪಿತು. ಹಾಗೆ ಹೊರಗೆ ಹೋದ ಚಿತ್ರದ ಪ್ರತಿ ನಾಲ್ಕು ಕಡೆ ಇರುತ್ತದೆ. ಎಲ್ಲೂ ಹೋಗದ ಚಿತ್ರದ್ದು ಮಾಡಿದವರ ಕಪಾಟಿನಲ್ಲಿ ಮಾತ್ರ. ಮುಂದೊಂದು ದಿನ ಓಟಿಟಿಯವರೋ ಅನುದಾನ ಕೊಡುವವರೋ ಹಳೆಯ ಕೆಲಸ ತೋರಿಸಿ ಎಂದಾಗ ಆ ಕಡತ ತೆರೆಯದಿದ್ದರೆ, ಇಪ್ಪತ್ತು ವರ್ಷದ ವೃತ್ತಿಗೆ ಪುರಾವೆಯೇ ಇಲ್ಲದಂತಾಗುತ್ತದೆ. ಈಗಿನಂತೆಯೇ ಬಿಟ್ಟರೆ ಮುಂದಿನ ಹತ್ತು ಮಳೆಗಾಲದೊಳಗೆ ಕರಾವಳಿಯ ಇಂಥ ಅನೇಕ ಡಿಸ್ಕುಗಳು ಬಾಯಿ ಮುಚ್ಚುತ್ತವೆ.

ಆದ್ದರಿಂದ ಮೂರು ಪ್ರತಿ ಮಾಡಿ, ಎರಡು ಬಗೆಯ ಮಾಧ್ಯಮದಲ್ಲಿಡಿ, ಒಂದನ್ನು ಘಟ್ಟದ ಮೇಲೆ, ಹುಬ್ಬಳ್ಳಿಯ ನೆಂಟರ ಮನೆಗಾದರೂ ಕಳಿಸಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಿ, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಿ. ಮೊದಲ ನಕಲು ಈ ವಾರವೇ ಆಗಲಿ.